ತಲೆಯ ಮೇಲಣ ಹೊರೆ ಇಳಿದ ಬಗೆ

ತುಂಗಭದ್ರೆಯ ದಡದ ಹರಿಹರವು ಇತಿಹಾಸಪ್ರಿಯರಿಗೆ ಹರಿಹರೇಶ್ವರ ದೇವಾಲಯದಿಂದ ಚಿರಪರಿಚಿತ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ ಪೋಲಾಳ್ವ ದಂಡನಾಯಕನು 1224ರ ಸುಮಾರಿಗೆ ಕಟ್ಟಿಸಿದ ಆ ದೇವಾಲಯದ ಕಂಬಗಳನ್ನೂ ಶಾಸನಗಳನ್ನೂ ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಅದಾಗಿ ಏಳುನೂರು ವರ್ಷಗಳ ಬಳಿಕ, 1924ರಲ್ಲಿ, ಅದೇ ಹರಿಹರದ ದಲಿತ ಕುಟುಂಬವೊಂದರಲ್ಲಿ ಜನಿಸಿದ ಬಿ. ಬಸವಲಿಂಗಪ್ಪನವರ ಹೆಸರು ಮಾತ್ರ ಇಂದು ಬಹುಮಂದಿಯ ನೆನಪಿಗೆ ಬರುವುದು ‘ಬೂಸಾ’ ಪ್ರಕರಣವೊಂದರಿಂದಲೇ. ಅವರು ಪೌರಾಡಳಿತದ ಮಂತ್ರಿಯಾಗಿ ಮಾಡಿದ ಮತ್ತೊಂದು ಕಾರ್ಯವು ಇದಕ್ಕಿಂತ ಎಷ್ಟೋ ಹಿರಿದು. ಮನುಷ್ಯನು ಮನುಷ್ಯನ ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದವರು ಅವರು.

ಆ ಪದ್ಧತಿ ಎಂಥದೆಂಬುದು ಇಂದಿನ ಮಕ್ಕಳಿಗೆ ತಿಳಿದಿರಲಾರದು. ಹಿರಿಯರಿಗೆ ತಿಳಿದಿದೆ, ಆದರೆ ಅವರು ಆ ಮಾತನ್ನೆತ್ತುವುದಿಲ್ಲ. ಒಳಚರಂಡಿ ಬರುವ ಮೊದಲು ನಮ್ಮ ಪೇಟೆಯೂರುಗಳಲ್ಲಿ ಅನುಕೂಲಸ್ಥರ ಮನೆಗಳ ಹಿತ್ತಲಲ್ಲಿ ಕಕ್ಕಸಿನ ಕೋಣೆಯಿರುತ್ತಿತ್ತು. ಅದಕ್ಕೆ ನೀರಿನ ಸಂಪರ್ಕವಿಲ್ಲ, ಗುಂಡಿಯೂ ಇಲ್ಲ. ಕೆಳಗೊಂದು ತಗಡಿನ ಡಬ್ಬ ಅಥವಾ ಬರಿಯ ಕಲ್ಲುಹಾಸು, ಅದರ ಹಿಂಬದಿಗೆ ಹಿತ್ತಲ ಓಣಿಗೆ ತೆರೆದುಕೊಳ್ಳುವ ಒಂದು ಸಣ್ಣ ಕಿಂಡಿ. ಮನೆಯವರು ಏಳುವ ಹೊತ್ತಿಗೆ ಹೆಂಗಸೊಬ್ಬಳೋ ಗಂಡಸೊಬ್ಬನೋ ಆ ಓಣಿಯಲ್ಲಿ ಬಂದು, ತಗಡಿನ ತುಂಡಿನಿಂದ ಮಲವನ್ನು ಕೆರೆದು ಬುಟ್ಟಿಗೆ ತುಂಬಿ, ಬೂದಿ ಚೆಲ್ಲಿ, ಬುಟ್ಟಿಯನ್ನು ತಲೆಗೇರಿಸಿ ಬಂಡಿಯಿರುವಲ್ಲಿಗೆ ನಡೆಯಬೇಕು. ಮಳೆಗಾಲದಲ್ಲಿ ಬುಟ್ಟಿಯಿಂದ ಸೋರಿದ್ದು ಮುಖದ ಮೇಲೆಯೇ ಇಳಿಯುತ್ತಿತ್ತು. ಮನೆಯ ಮುಂಬಾಗಿಲು ಅವರಿಗಿಲ್ಲ. ಆ ಓಣಿಯೂ ಹಗಲಿನಲ್ಲಿ ಅವರದಲ್ಲ. ಹತ್ತಿಯ ಮಂಡಿಗಳೂ ಗಿರಣಿಗಳೂ ಬಂದು ದಾವಣಗೆರೆಯಂಥ ಊರುಗಳು ಬೆಳೆದಷ್ಟೂ ಇಂಥ ಕೆಲಸವೂ ಬೆಳೆಯಿತು. ಊರು ದೊಡ್ಡದಾಯಿತೆಂದು ಹೆಮ್ಮೆಪಡುವಾಗ ಈ ಬೆಳವಣಿಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಜೈನ ಶಾಸ್ತ್ರಗಳು ಈ ವಿಷಯದಲ್ಲಿ ಮೌನವಾಗಿಲ್ಲವೆಂಬುದು ಗಮನಾರ್ಹ. ಮುನಿಗಳು ಪಾಲಿಸಬೇಕಾದ ಪಂಚಸಮಿತಿಗಳಲ್ಲಿ ಐದನೆಯದು ಪ್ರತಿಷ್ಠಾಪನಾ ಸಮಿತಿ. ಉತ್ಸರ್ಗ ಸಮಿತಿಯೆಂಬ ಹೆಸರೂ ಅದಕ್ಕುಂಟು. ಮಲಮೂತ್ರಗಳನ್ನು ಜೀವಜಂತುಗಳಿಲ್ಲದ, ಯಾರಿಗೂ ಬಾಧೆಯಾಗದ ನೆಲವನ್ನು ನೋಡಿ ವಿಸರ್ಜಿಸಬೇಕೆಂಬುದು ಅದರ ಸಾರ. ತನ್ನ ಶರೀರದಿಂದ ಹೊರಬಿದ್ದುದು ಎಲ್ಲಿಗೆ ಹೋಗುತ್ತದೆ, ಯಾವ ಜೀವಿಗೆ ಅದರಿಂದ ನೋವಾಗುತ್ತದೆ ಎಂಬ ವಿಚಾರವನ್ನು ಮುನಿಯು ಪ್ರತಿದಿನವೂ ಮಾಡುತ್ತಾನೆ. ಗೃಹಸ್ಥನು ಆ ವಿಚಾರವನ್ನು ಬೇರೊಬ್ಬರ ತಲೆಯ ಮೇಲಿಟ್ಟು ನಿಶ್ಚಿಂತನಾದನು. ಇರುವೆಯನ್ನು ಕಂಡು ಹೆಜ್ಜೆ ತಡೆಯುವ ಮನೆಯ ಹಿತ್ತಲ ಕಿಂಡಿಯಲ್ಲಿ ಪಂಚೇಂದ್ರಿಯ ಜೀವಿಯೊಂದು ಬಗ್ಗಿ ನಿಂತಿದ್ದುದು ಕಾಣಲಿಲ್ಲವೆಂದರೆ, ಕಣ್ಣಿನ ದೋಷವಲ್ಲ ಅದು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದಾದ ನಿರ್ವಿಚಿಕಿತ್ಸೆಗೆ ಉದಾಹರಣೆಯಾಗಿ ಹೇಳುವ ಉದ್ದಾಯನ ಮಹಾರಾಜನ ಕಥೆ ಶ್ರಾವಕರ ಮನೆಗಳಲ್ಲಿ ಹೊಸದಲ್ಲ. ದೇವನೊಬ್ಬನು ರೋಗಪೀಡಿತ ಮುನಿಯ ರೂಪದಲ್ಲಿ ಬಂದು ಆಹಾರವನ್ನು ಸ್ವೀಕರಿಸಿ, ಅಲ್ಲಿಯೇ ವಾಂತಿಮಾಡಿದನು. ಪರಿವಾರದವರು ದುರ್ಗಂಧವನ್ನು ತಾಳಲಾರದೆ ಓಡಿಹೋದರು. ರಾಜನೂ ರಾಣಿ ಪ್ರಭಾವತಿಯೂ ಹೇಸಲಿಲ್ಲ. ತಾನಿತ್ತ ಆಹಾರವೇ ಒಗ್ಗಲಿಲ್ಲವಲ್ಲಾ ಎಂದು ರಾಜನು ತನ್ನನ್ನೇ ನಿಂದಿಸಿಕೊಂಡು, ಮುನಿಯ ಮೈಯನ್ನು ತನ್ನ ಕೈಯಾರೆ ತೊಳೆದನು. ಗದುಗಿನ ಬಳಿಯ ಮುಳಗುಂದದ ನಯಸೇನನು ಹನ್ನೆರಡನೆಯ ಶತಮಾನದ ಆರಂಭದಲ್ಲಿ ರಚಿಸಿದ ‘ಧರ್ಮಾಮೃತ’ವು ಈ ಅಂಗಗಳ ಕಥೆಗಳನ್ನು ಕನ್ನಡಿಗರಿಗೆ ಹತ್ತಿರ ತಂದಿತು. ಸಮಂತಭದ್ರಾಚಾರ್ಯರಂತೂ ‘ರತ್ನಕರಂಡ ಶ್ರಾವಕಾಚಾರ’ದಲ್ಲಿ ಮಾತಂಗ ಕುಲದಲ್ಲಿ ಹುಟ್ಟಿದವನನ್ನೂ ಸಮ್ಯಗ್ದರ್ಶನವಿದ್ದರೆ ದೇವನೆಂದೇ ಎಣಿಸಿ, ಬೂದಿ ಮುಚ್ಚಿದ ಕೆಂಡಕ್ಕೆ ಹೋಲಿಸಿದ್ದಾರೆ.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಹೇಸಿಕೆಯನ್ನು ಗೆಲ್ಲಬೇಕಾದವನು ಯಾರು? ಕಥೆಯಲ್ಲಿ ಗೆದ್ದವನು ರಾಜ. ತೊಳೆದ ಮೇಲೆ ಅವನು ಸ್ನಾನಮಾಡಿ ಸಿಂಹಾಸನವನ್ನೇರಬಲ್ಲ. ನಾಳೆಯೂ ನಾಡಿದ್ದೂ ಅದನ್ನೇ ತೊಳೆಯಬೇಕೆಂಬ ಕಟ್ಟು ಅವನಿಗಿಲ್ಲ, ಅವನ ಮಗನಿಗೂ ಇಲ್ಲ. ನಿರ್ವಿಚಿಕಿತ್ಸೆಯು ನೋಡುವವನಿಗೆ ವಿಧಿಸಿದ ಅಂಗವೇ ಹೊರತು ಹೊರುವವನಿಗೆ ಹೇಳುವ ಸಾಂತ್ವನವಲ್ಲ. ಈ ಭೇದವನ್ನು ತಿಳಿಯದೆ ಶುಚಿಕಾರ್ಯದ ಮಹಿಮೆಯನ್ನು ಹಾಡಿದವರು ಬಹಳ.

ಮಹಾತ್ಮ ಗಾಂಧಿಯವರನ್ನು ಆ ಸಾಲಿಗೆ ಸುಲಭವಾಗಿ ಸೇರಿಸಲಾಗದು. 1901ರ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಕಕ್ಕಸುಗಳ ದುಃಸ್ಥಿತಿಯನ್ನು ಕಂಡು ಅವರೇ ಪೊರಕೆ ಹಿಡಿದರು. ಆಶ್ರಮಗಳಲ್ಲಿ ಆ ಕೆಲಸವನ್ನು ಎಲ್ಲರ ಸರದಿಗೂ ಹಂಚಿದರು. 1934ರ ಹರಿಜನ ಯಾತ್ರೆಯಲ್ಲಿ ಹರಿಹರ, ದಾವಣಗೆರೆಗಳನ್ನು ಹಾದು ಬಳ್ಳಾರಿಯ ಕಡೆಗೆ ಸಾಗಿದಾಗಲೂ ಅವರ ಮಾತು ಸವರ್ಣರ ಮನಃಪರಿವರ್ತನೆಯನ್ನೇ ಕುರಿತದ್ದು. ಆದರೆ ಭಂಗಿಯ ಕೆಲಸವನ್ನು ತಾಯಿಯ ಸೇವೆಗೆ ಹೋಲಿಸಿ ಅವರು ಹೊಗಳಿದುದನ್ನು ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಹುಟ್ಟಿನಿಂದಲೇ ಆ ಕೆಲಸಕ್ಕೆ ಕಟ್ಟಿಹಾಕಲ್ಪಟ್ಟವರಿಗೆ ಅದು ಪವಿತ್ರವೆಂದು ಬೋಧಿಸುವುದು ಅವರನ್ನು ಅಲ್ಲಿಯೇ ಉಳಿಸುವ ಉಪಾಯವೆಂಬುದು 1945ರ ಗ್ರಂಥದಲ್ಲಿ ಅವರು ಎತ್ತಿದ ಆಕ್ಷೇಪದ ತಿರುಳು. ಶಿಕಾರಿಪುರ ಸೀಮೆಯ ಜಂಬೂರಿನವಳೆಂದು ಹೇಳುವ ಶರಣೆ ಸತ್ಯಕ್ಕನು ಭಕ್ತರ ಮನೆಯಂಗಳದ ಕಸ ಗುಡಿಸುವುದನ್ನೇ ಕಾಯಕವಾಗಿಸಿಕೊಂಡು ಶರಣರ ಸಾಲಿನಲ್ಲಿ ಎತ್ತರದ ಸ್ಥಾನ ಪಡೆದಳು, ನಿಜ. ಅವಳ ಪೊರಕೆಗೆ ಘನತೆ ಬಂದುದು ಅವಳು ಅದನ್ನು ಆರಿಸಿಕೊಂಡದ್ದರಿಂದ. ಹಿತ್ತಲ ಓಣಿಯ ಬುಟ್ಟಿಯನ್ನು ಯಾರೂ ಆರಿಸಿಕೊಳ್ಳಲಿಲ್ಲ.

ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಗಳಾದಾಗ ವಕೀಲರಾಗಿದ್ದ ಬಸವಲಿಂಗಪ್ಪನವರು ಪೌರಾಡಳಿತದ ಹೊಣೆಯನ್ನು ಹೊತ್ತರು. ಮಲ ಹೊರುವ ಪದ್ಧತಿಯ ನಿಷೇಧವು ಆ ಅವಧಿಯ ಕೊಡುಗೆ. ಕೇಂದ್ರ ಸರಕಾರವು ಇಂಥ ಕಾಯ್ದೆಯನ್ನು ತಂದುದು ಅದಕ್ಕೆ ಎರಡು ದಶಕಗಳ ತರುವಾಯ. ಈ ಆಜ್ಞೆಯ ವಿಶೇಷವೆಂದರೆ ಅದು ಹೊರುವವರಿಗೆ ಉಪದೇಶ ಮಾಡಲಿಲ್ಲ, ಹೊರಿಸುವವರಿಗೂ ಕರುಣೆಯ ಪಾಠ ಹೇಳಲಿಲ್ಲ. ಬುಟ್ಟಿ ನಿಂತಿತೆಂದರೆ ಮನೆಯೊಡೆಯನು ತನ್ನ ಕಕ್ಕಸಿನ ರಚನೆಯನ್ನು ಬದಲಿಸಲೇಬೇಕು, ಗುಂಡಿ ತೋಡಿಸಬೇಕು, ನೀರಿನ ವ್ಯವಸ್ಥೆ ಮಾಡಬೇಕು, ಪುರಸಭೆಯು ಚರಂಡಿಯನ್ನು ಕಟ್ಟಬೇಕು. ಮನಃಪರಿವರ್ತನೆಗಾಗಿ ಕಾಯುತ್ತಿದ್ದ ಸಮಸ್ಯೆಯು ಇಟ್ಟಿಗೆ, ಕೊಳವೆ, ಗಾರೆಗಳ ಮಾತಾಯಿತು. ಮನಸ್ಸು ಬದಲಾಗಲು ಎರಡು ಸಾವಿರ ವರ್ಷವೂ ಸಾಲದಿದ್ದ ಕಡೆ ಗಾರೆಕೆಲಸಕ್ಕೆ ಎರಡು ವಾರ ಸಾಕು.

ಬಸವಲಿಂಗಪ್ಪನವರು ಆ ಅಧಿಕಾರದಲ್ಲಿ ಬಹಳ ಕಾಲ ಉಳಿಯಲಿಲ್ಲ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂಬರ್ಥದ ಮಾತನ್ನು ಅವರಾಡಿದರು. ರಾಜ್ಯದಾದ್ಯಂತ ವಿದ್ಯಾರ್ಥಿಗಳ ಪ್ರತಿಭಟನೆ ಎದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಮಂತ್ರಿಗಳು ರಾಜೀನಾಮೆ ಕೊಡಬೇಕಾಯಿತು. ಕರ್ನಾಟಕದ ದಲಿತ ಚಳವಳಿಯೂ ದಲಿತ ಸಾಹಿತ್ಯವೂ ಆ ಗದ್ದಲದ ಬೆಂಕಿಯಲ್ಲಿಯೇ ಮೈದಾಳಿದವೆಂಬುದು ಚರಿತ್ರೆಯ ಮಾತು. ಸಾಹಿತ್ಯದ ಬಗೆಗೆ ಅವರ ಅಭಿಪ್ರಾಯ ದುಡುಕಿನದೆಂದು ಹೇಳಲಡ್ಡಿಯಿಲ್ಲ. ಆದರೂ ಸಾಹಿತ್ಯಾಭಿಮಾನಕ್ಕಾಗಿ ಬೀದಿಗಿಳಿದ ಊರುಗಳು ಹಿತ್ತಲ ಓಣಿಗಾಗಿ ಒಂದು ದಿನವಾದರೂ ಬೀದಿಗಿಳಿದಿರಲಿಲ್ಲವೆಂಬುದನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು.

ಎಪ್ಪತ್ತರ ದಶಕದಲ್ಲಿಯೇ ಐ.ಪಿ.ಡಿ. ಸಾಲಪ್ಪನವರ ಸಮಿತಿಯು ಶುಚಿಕಾರ್ಮಿಕರ ಬಾಳುವೆಯನ್ನು ಪರಿಶೀಲಿಸಿ ವರದಿಯನ್ನೊಪ್ಪಿಸಿತು. ಐನೂರು ಜನಸಂಖ್ಯೆಗೆ ಒಬ್ಬ ಕೆಲಸಗಾರನಿರಬೇಕೆಂಬ ಅಳತೆಯು ಆ ವರದಿಯ ಹೆಸರಿನಲ್ಲಿಯೇ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಜಾಡಮಾಲಿ, ತೋಟಿ ಎಂಬ ಹಳೆಯ ಹೆಸರುಗಳು ಕಡತಗಳಿಂದ ಕ್ರಮೇಣ ಸರಿದು ‘ಪೌರಕಾರ್ಮಿಕ’ ಎಂಬ ಹೆಸರು ನೆಲೆಗೊಂಡಿತು. ಪೌರ, ಕಾರ್ಮಿಕ ಎಂಬೆರಡು ಪದಗಳಲ್ಲಿ ಒಂದು ಊರಿನೊಡನೆ ಅವನ ಸಂಬಂಧವನ್ನೂ ಇನ್ನೊಂದು ದುಡಿಮೆಗೆ ಸಲ್ಲಬೇಕಾದ ವೇತನವನ್ನೂ ನೆನಪಿಸುತ್ತದೆ. ಜಾತಿಯ ಸುಳಿವು ಎರಡರಲ್ಲಿಯೂ ಇಲ್ಲ. ಪ್ರತಿವರ್ಷ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನವನ್ನು ಆಚರಿಸುವ ಪರಿಪಾಠವೂ ರಾಜ್ಯದಲ್ಲಿ ಬೆಳೆದಿದೆ. ಹೆಸರು ಬಂದಷ್ಟು ಬೇಗ ವೇತನ ಬರಲಿಲ್ಲ. ಮುಂದೆ ಗುತ್ತಿಗೆಯ ಪದ್ಧತಿ ಬೇರೂರಿ, ಗುತ್ತಿಗೆದಾರನ ಕೈಯಿಂದ ಸಂಬಳವು ಕಾರ್ಮಿಕನ ಕೈ ಸೇರುವುದರೊಳಗೆ ಕರಗತೊಡಗಿತು. 2022ರ ಜುಲೈಯಲ್ಲಿ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಕುಳಿತಾಗ ಅವರು ಬೇಡಿದುದು ಸನ್ಮಾನದ ಶಾಲನ್ನಲ್ಲ, ಕೆಲಸದ ಕಾಯಮಾತಿಯನ್ನು.

ನಿಷೇಧವಾದೊಡನೆ ಎಲ್ಲೆಡೆಯೂ ಬುಟ್ಟಿ ಇಳಿಯಿತೆಂದೇನೂ ಅಲ್ಲ. ಕೋಲಾರದ ಚಿನ್ನದ ಗಣಿಯ ವಸತಿಗಳಲ್ಲಿ ಅದು ತೊಂಬತ್ತರ ದಶಕದವರೆಗೂ ಉಳಿದಿತ್ತು. ಅಲ್ಲಿ ಇದೇ ಕೆಲಸದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಅದರ ವಿರುದ್ಧ ಆರಂಭಿಸಿದ ಹೋರಾಟವು ದೇಶವ್ಯಾಪಿಯಾಗಿ, 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಬಸವಲಿಂಗಪ್ಪನವರು ತೀರಿಕೊಂಡದ್ದು 1992ರ ಕೊನೆಯಲ್ಲಿ; ಕೇಂದ್ರದ ಮೊದಲ ಕಾಯ್ದೆ ಬಂದುದು 1993ರಲ್ಲಿ. ಆ ಕಾಯ್ದೆಗಾಗಿ ಮೊದಲು ನಿರ್ಣಯ ಮಾಡಿ ಕೇಳಿಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಾಗಿದ್ದೂ ಹರಿಹರದಿಂದ ಹೊಳೆ ದಾಟಿದರೆ ಸಿಗುವ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, 2010ರ ಜುಲೈ ತಿಂಗಳಲ್ಲಿ, ಭಂಗಿ ಸಮುದಾಯದವರು ಪುರಸಭೆಯ ಕಚೇರಿಯ ಮುಂದೆ ತಮ್ಮ ಮೈಮೇಲೆ ತಾವೇ ಮಲವನ್ನು ಸುರಿದುಕೊಂಡರು. ಬಹುಕಾಲದಿಂದ ವಾಸವಿದ್ದ ಜಾಗದಿಂದ ತಮ್ಮನ್ನು ಎಬ್ಬಿಸುವರೆಂಬ ಸಂಕಟಕ್ಕೆ ಅವರಿಗೆ ತೋರಿದ ದಾರಿ ಅದು. ಊರೆಲ್ಲದರ ಹೇಸಿಕೆಯನ್ನು ಹೊತ್ತವರು ಅದನ್ನು ಊರಿಗೆ ಹಿಂದಿರುಗಿಸಿ ತೋರಿಸಿದ ದಿನವದು. ಅಂದು ನೋಡಿ ಮುಖ ತಿರುಗಿಸಿದವರಲ್ಲಿ ಎಷ್ಟು ಮಂದಿ ಉದ್ದಾಯನನ ಪರಿವಾರದವರೋ!

2013ರ ಕಾಯ್ದೆಯು ಹಿಂದಿನದರ ಕೊರತೆಗಳನ್ನು ತುಂಬಲು ಬಂದಿತು. ದೇವಾಲಯದ ಟ್ರಸ್ಟುಗಳೂ ವಸದಿಯ ಆಡಳಿತ ಸಮಿತಿಗಳೂ ಇದನ್ನು ಓದಿಸಿ ಕೇಳುವುದು ಒಳಿತು, ಏಕೆಂದರೆ ಇದು ಪುರಸಭೆಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಯಾತ್ರಿಕರ ಧರ್ಮಶಾಲೆ, ಕಲ್ಯಾಣಮಂಟಪ, ವಿದ್ಯಾರ್ಥಿನಿಲಯಗಳೆಲ್ಲ ಮಲದ ಗುಂಡಿಗಳ ಮೇಲೆಯೇ ನಿಂತಿವೆ. ಪಂಚಕಲ್ಯಾಣ ಪೂಜೆಗೋ ವಾರ್ಷಿಕ ರಥೋತ್ಸವಕ್ಕೋ ಸಾವಿರ ಜನ ಸೇರಿ ಹೋದ ಮರುವಾರ ಗುಂಡಿ ತುಂಬುತ್ತದೆ. ಯಂತ್ರದ ಗಾಡಿಯನ್ನು ಕರೆಸುವುದಕ್ಕಿಂತ ಇಬ್ಬರು ಕೂಲಿಗಳನ್ನು ಇಳಿಸುವುದು ಅಗ್ಗವೆಂದು ಯಾರೋ ಹೇಳುತ್ತಾರೆ. ಆ ಗುಂಡಿಗಳಲ್ಲಿ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಸೇರಿಕೊಂಡಿರುತ್ತದೆ. ಹೆಚ್ಚಾದಾಗ ಅದು ಮೂಗಿನ ಶಕ್ತಿಯನ್ನೇ ಕೆಡಿಸುವುದರಿಂದ ವಾಸನೆ ಹೋಯಿತೆಂದು ನಂಬಿ ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದ ಎರಡನೆಯವನೂ ಹಲವು ಸಲ ಬರುವುದಿಲ್ಲ. ರಕ್ಷಣೆಯ ಸಾಧನಗಳಿಲ್ಲದೆ ಹೀಗೆ ಇಳಿಸುವವರಿಗೆ ಮೊದಲ ಅಪರಾಧಕ್ಕೆ ಎರಡು ವರ್ಷಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ಕಾಯ್ದೆ ವಿಧಿಸುತ್ತದೆ. ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರವೆಂದು 2014ರಲ್ಲಿ ನಿರ್ಣಯಿಸಿದ್ದ ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೇರಿಸಿತು.

ಅಭಿಷೇಕಕ್ಕೆ ಹಾಲು ತಂದವರು, ಹೂವು ಕೊಟ್ಟವರು, ದಾಸೋಹಕ್ಕೆ ಅಕ್ಕಿ ಒದಗಿಸಿದವರು, ಪೂಜೆ ನಡೆಸಿದ ಇಂದ್ರರು, ಇವರ ಹೆಸರುಗಳು ಸಾಮಾನ್ಯವಾಗಿ ವಸದಿಗಳ ಲೆಕ್ಕದ ಪುಸ್ತಕದಲ್ಲಿ ಕಾಣಸಿಗುತ್ತವೆ. ಅದೇ ಪುಟದಲ್ಲಿ ಕೆಳಗೆ, ಹಬ್ಬದ ಮರುವಾರದ ತಾರೀಖಿನ ಎದುರು, ಗುಂಡಿ ಶುಚಿಗೆ ಕೊಟ್ಟ ಮೊತ್ತವಿರುತ್ತದೆ. ಅದರ ಮುಂದೆ ಬರೆದಿರುವುದು ‘ಕೂಲಿ’ ಎಂಬ ಎರಡಕ್ಷರ.