ಹೊಟ್ಟೆಗೆ ಗಾಳಿ ತುಂಬಿದವರು

1901ರ ಸೆಪ್ಟೆಂಬರ್. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ವಿಜ್ಞಾನಿಗಳ, ವೈದ್ಯರ ಸಮ್ಮೇಳನ. ಡ್ರೆಸ್ಡೆನ್‌ನ ವೈದ್ಯ ಗೆಯೋರ್ಗ್ ಕೆಲಿಂಗ್ ಒಂದು ಜೀವಂತ ನಾಯಿಯ ಹೊಟ್ಟೆಗೆ ಹತ್ತಿಯಲ್ಲಿ ಸೋಸಿದ ಗಾಳಿ ತುಂಬಿ, ಮೂತ್ರಕೋಶ ನೋಡೋಕೆ ಬಳಸ್ತಿದ್ದ ಕೊಳವೆಯನ್ನ ಅದರೊಳಗೆ ತೂರಿಸಿ ತೋರಿಸಿದರು. ನಾವೀಗ ಕೀಹೋಲ್ ಆಪರೇಷನ್ ಅಂತೀವಲ್ಲ, ಅದರ ಕತೆ ಶುರುವಾಗೋದು ಇಲ್ಲಿಂದ. ತಮಾಷೆ ಏನಂದ್ರೆ, ಕೆಲಿಂಗ್‌ಗೆ ಬೇಕಿದ್ದದ್ದು ಬರೀ ನೋಡೋದಲ್ಲ. ಹೊಟ್ಟೆಯೊಳಗೆ ಸೋರೋ ರಕ್ತವನ್ನ ಗಾಳಿಯ ಒತ್ತಡದಿಂದಲೇ ಅದುಮಿ ನಿಲ್ಲಿಸಬೇಕು ಅನ್ನೋದು ಅವರ ಹಟ. ಅದಕ್ಕೆ ಇವತ್ತು ಬಳಸೋದಕ್ಕಿಂತ ಬಹಳ ಹೆಚ್ಚಿನ ಒತ್ತಡ ಬೇಕು. ಅಷ್ಟು ಒತ್ತಿದಾಗ ಒಳಗೆ ಏನಾಗುತ್ತೆ ಅಂತ ನೋಡೋಕೇ ಕೊಳವೆ ತೂರಿಸಿದ್ದು.

ನಮ್ಮೂರಿನವರಿಗೆ ಇದನ್ನ ಹೇಳಿದರೆ ನಕ್ಕಾರು. ದನ ಹಸಿ ಮೇವು ಜಾಸ್ತಿ ತಿಂದು ಹೊಟ್ಟೆ ಉಬ್ಬರಿಸಿದರೆ ಎಡ ಪಕ್ಕೆ ಡೊಳ್ಳಿನ ಹಾಗೆ ಸದ್ದು ಮಾಡುತ್ತೆ. ಪಶುವೈದ್ಯರು ಅಲ್ಲಿ ಟ್ರೋಕಾರ್ ಚುಚ್ಚಿ ಗಾಳಿ ಬಿಡ್ತಾರೆ. ತಡವಾದರೆ ಉಬ್ಬಿದ ಹೊಟ್ಟೆ ವಪೆಯನ್ನ ಮೇಲಕ್ಕೆ ಒತ್ತಿ, ಉಸಿರು ಕಟ್ಟಿ ದನ ಸಾಯುತ್ತೆ. ಆಪರೇಷನ್ ಥಿಯೇಟರಿನಲ್ಲೂ ಚುಚ್ಚೋದು ಟ್ರೋಕಾರ್ ಅನ್ನೋ ಹೆಸರಿನದನ್ನೇ. ಗಾಳಿಯ ದಿಕ್ಕು ಮಾತ್ರ ಉಲ್ಟಾ. ಅಪಾಯ ಹೆಚ್ಚೂಕಮ್ಮಿ ಅದೇ.

ಹಾಗಾಗಿ ಎಷ್ಟು ತುಂಬಬೇಕು ಅನ್ನೋದೇ ಪ್ರಶ್ನೆ. ಇದಕ್ಕೆ ಉತ್ತರ ಕೊಡೋದು ಹೊಟ್ಟೆಯ ಗೋಡೆ. ಅದು ಬಲೂನಲ್ಲ, ಗೋಣಿಚೀಲ. ಖಾಲಿ ಚೀಲಕ್ಕೆ ಭತ್ತ ಸುರಿದರೆ ಮೊದಲು ಸುಕ್ಕು ಬಿಚ್ಚುತ್ತೆ, ಆಮೇಲೆ ನೇಯ್ಗೆ ಬಿಗಿಯುತ್ತೆ, ಆಮೇಲೆ ಎಷ್ಟು ತುರುಕಿದರೂ ಜಾಸ್ತಿ ಹಿಡಿಯಲ್ಲ. ಪಕ್ಕೆಯಲ್ಲಿ ಮೂರು ಪದರ ಸ್ನಾಯು, ಒಂದೊಂದರ ಎಳೆಯೂ ಒಂದೊಂದು ದಿಕ್ಕಿಗೆ. ನಡುವೆ ಮೇಲಿಂದ ಕೆಳಕ್ಕೆ ಬಿಳಿ ಪಟ್ಟಿ. ಅದು ಅಡ್ಡಡ್ಡ ಎಳೆದರೆ ಗಟ್ಟಿ, ಉದ್ದುದ್ದ ಎಳೆದರೆ ಸ್ವಲ್ಪ ಸಡಿಲ. ಮೊದಲ ಒಂದೆರಡು ಲೀಟರ್ ಸುಲಭವಾಗಿ ಹೋಗುತ್ತೆ. ಬೆನ್ನು ಕದಲಲ್ಲ, ಮುಂಭಾಗ ಗುಮ್ಮಟದ ಹಾಗೆ ಏಳುತ್ತೆ. ಪಾದರಸದ 12–15 ಮಿಲಿಮೀಟರ್ ಒತ್ತಡ ದಾಟಿದ ಮೇಲೆ ಒತ್ತಡ ಏರುತ್ತೆ, ಜಾಗ ಅಷ್ಟಾಗಿ ಏರಲ್ಲ. 15 ಅಂದರೆ ಬಕೆಟ್ಟಿನಲ್ಲಿ 20 ಸೆಂಟಿಮೀಟರ್ ನೀರು ನಿಂತಾಗ ತಳಕ್ಕೆ ಬೀಳೋವಷ್ಟು, ಅಷ್ಟೇ! ಆದರೆ ಹೃದಯಕ್ಕೆ ರಕ್ತ ವಾಪಸ್ ತರೋ ದೊಡ್ಡ ರಕ್ತನಾಳವನ್ನ ಅದುಮೋಕೆ ಅಷ್ಟು ಸಾಕು. ಹೆರಿಗೆಯಾದ ಹೆಂಗಸರ ಹೊಟ್ಟೆ ಸಾಮಾನ್ಯವಾಗಿ ಬೇಗ ಬಗ್ಗುತ್ತೆ, ಒಮ್ಮೆ ಹಿಗ್ಗಿದ ಚೀಲವಲ್ಲವೇ.

ಯಾವ ಗಾಳಿ ಅನ್ನೋದು ಇನ್ನೊಂದು ಜಗಳ. ಸ್ವಿಟ್ಜರ್ಲೆಂಡಿನ ರಿಚರ್ಡ್ ಜೊಲ್ಲಿಕೋಫರ್ 1924ರಲ್ಲೇ ಕಾರ್ಬನ್ ಡೈಆಕ್ಸೈಡ್ ಒಳ್ಳೇದು ಅಂದಿದ್ದರು: ರಕ್ತದಲ್ಲಿ ಬೇಗ ಕರಗುತ್ತೆ, ಉಸಿರಲ್ಲಿ ಹೊರಗೆ ಹೋಗುತ್ತೆ, ಹೊತ್ತಿಕೊಳ್ಳಲ್ಲ. ಎಲ್ಲರೂ ಕೇಳಲಿಲ್ಲ. 1933ರಲ್ಲಿ ಕಾರ್ಲ್ ಫೆರ್ವರ್ಸ್ ಆಕ್ಸಿಜನ್ ತುಂಬಿ ಒಳಗೆ ವಿದ್ಯುತ್ತಿನಿಂದ ಸುಡೋಕೆ ಹೋದಾಗ ರೋಗಿಯ ಹೊಟ್ಟೆಯೊಳಗೇ ಸ್ಫೋಟವಾಯಿತು. ಚುಚ್ಚೋ ಸೂಜಿ ಬಂದದ್ದು ಕ್ಷಯದ ಚಿಕಿತ್ಸೆಯಿಂದ. ಹಂಗೇರಿಯ ಯಾನೋಶ್ ವೆರೆಶ್ 1938ರಲ್ಲಿ ಪ್ರಕಟಿಸಿದ ಸ್ಪ್ರಿಂಗ್ ಸೂಜಿ, ಗೋಡೆ ದಾಟಿ ಖಾಲಿ ಜಾಗಕ್ಕೆ ಬಂದ ಕೂಡಲೇ ಮೊಂಡು ತುದಿಯನ್ನ ಮುಂದೆ ಚಾಚುತ್ತೆ. ಎದೆಗೆಂದು ಮಾಡಿದ್ದು, ಹೊಟ್ಟೆಗೆ ಆಯಿತು.

ನನ್ನಂಥ ಇಂಜಿನಿಯರ್‌ಗೆ ಈ ಕತೆಯ ಹೀರೋ ಕೀಲ್‌ನ ಸ್ತ್ರೀರೋಗ ತಜ್ಞ ಕುರ್ಟ್ ಸೆಮ್. ಅಂದಾಜಿನ ಮೇಲೆ ಗಾಳಿ ಒತ್ತೋ ಕಾಲಕ್ಕೆ 1960ರ ದಶಕದಲ್ಲಿ ಅವರು ಒಂದು ಸ್ವಯಂಚಾಲಿತ ಯಂತ್ರ ಮಾಡಿದರು. ಇಂಥ ಯಂತ್ರ ಒತ್ತಡ ಅಳೀತಾ ತುಂಬುತ್ತೆ, ಮಿತಿ ಮುಟ್ಟಿದರೆ ನಿಲ್ಲುತ್ತೆ, ಸೋರಿದರೆ ಮತ್ತೆ ತುಂಬುತ್ತೆ. ನಮ್ಮ ಭಾಷೆಯಲ್ಲಿ ಪಕ್ಕಾ ಫೀಡ್‌ಬ್ಯಾಕ್ ಲೂಪ್. ಗಾಳಿ ಹರಿಯದೆ ಒತ್ತಡ ಮಾತ್ರ ಏರಿದರೆ ಸೂಜಿಯ ತುದಿ ತಪ್ಪು ಜಾಗದಲ್ಲಿದೆ ಅನ್ನೋದೂ ಗೊತ್ತಾಗುತ್ತೆ. ಇದಕ್ಕೆ ಸೆಮ್‌ಗೆ ಸಿಕ್ಕಿದ್ದೇನು? 1970ರಲ್ಲಿ ಅವರು ಕೀಲ್‌ನಲ್ಲಿ ಮುಖ್ಯಸ್ಥರಾದಾಗ, ತಲೆ ಸರಿಯಿದೆಯಾ ಅಂತ ಸ್ಕ್ಯಾನ್ ಮಾಡಿಸಿಕೊಳ್ಳಿ ಅಂದರಂತೆ ಜೊತೆಯವರು. 1980ರಲ್ಲಿ ಅದೇ ದಾರಿಯಲ್ಲಿ ಅಪೆಂಡಿಕ್ಸ್ ತೆಗೆದಾಗ, ಅವರ ವೈದ್ಯವೃತ್ತಿಯನ್ನೇ ತಡೆಯಬೇಕು ಅಂತ ಜರ್ಮನ್ ಸರ್ಜನ್‌ಗಳ ಸಂಘದ ಅಧ್ಯಕ್ಷರೇ ಕೇಳಿದರು. ಸೆಮ್‌ರಿಂದ ಸ್ಫೂರ್ತಿ ಪಡೆದು 1985ರಲ್ಲಿ ಪಿತ್ತಕೋಶ ತೆಗೆದ ಎರಿಕ್ ಮ್ಯೂಹೆ ಅಂತೂ, ರೋಗಿಯೊಬ್ಬರು ತೀರಿಕೊಂಡ ಮೇಲೆ ಕೋರ್ಟು ಹತ್ತಬೇಕಾಯಿತು. ಖುಲಾಸೆಯಾದದ್ದು 1990ರಲ್ಲಿ. ಅದೇ ವರ್ಷ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಭಾರತದಲ್ಲಿ ಮೊದಲ ಬಾರಿ ಹೀಗೆ ಪಿತ್ತಕೋಶ ತೆಗೆದರು.

ನಮ್ಮಮ್ಮನಿಗೂ ಅದೇ ಆಪರೇಷನ್ ಆಯಿತು. ಮಾರನೇ ದಿನ, "ಹೊಟ್ಟೆಗೆ ಮಾಡಿದ್ದಕ್ಕೆ ಭುಜ ಯಾಕೋ ನೋಯ್ತದೆ?" ಅಂತ ಕೇಳಿದಳು. ವಪೆಯ ನರ ಹೊರಡೋದು ಕುತ್ತಿಗೆಯಿಂದ. ವಪೆ ಎಳೆದಾಡಿದ ನೋವನ್ನ ಮೆದುಳು ಭುಜದ್ದು ಅಂದುಕೊಳ್ಳುತ್ತೆ. ಈ ನೋವು ಕಡಿಮೆ ಮಾಡೋಕೇ ಈಗ ಎಷ್ಟೋ ಸರ್ಜನ್‌ಗಳು 15ರಿಂದ ಕೆಳಕ್ಕೆ ಇಳಿದು, ಸ್ನಾಯು ಸಡಿಲಿಸೋ ಔಷಧಿ ಸ್ವಲ್ಪ ಜಾಸ್ತಿ ಕೊಟ್ಟು, 8–10ರ ಒತ್ತಡದಲ್ಲೇ ಕೆಲಸ ಮುಗಿಸೋಕೆ ನೋಡ್ತಾರೆ.