ಸೋಮವಾರದ ಬಿಡುವು: ಉಜ್ಜಿನಿ ಸೀಮೆಯಲ್ಲಿ ದುಡಿಮೆ ಮತ್ತು ಮಿತಿ

ನಿತ್ಯದ ಬದುಕಿನಲ್ಲಿ ಸಮತೋಲನ ತಪ್ಪಿದರೆ ಅದನ್ನು ಆಯಾ ವ್ಯಕ್ತಿಯ ಶಿಸ್ತಿನ ಕೊರತೆಯೆಂದು ಎಣಿಸುವುದು ಈಗಿನ ರೂಢಿ. ಉಜ್ಜಿನಿಯ ಸುತ್ತಲಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಒಣಬೇಸಾಯದ ಸೀಮೆಯಲ್ಲಿ ನಿಂತು ನೋಡಿದರೆ ಈ ಎಣಿಕೆ ಸಾಲದೆನಿಸುತ್ತದೆ. ದುಡಿಮೆ ಎಲ್ಲಿ ನಿಲ್ಲಬೇಕೆಂಬುದನ್ನು ಇಲ್ಲಿ ಒಬ್ಬೊಬ್ಬರೂ ಬೇರೆ ಬೇರೆ ತೀರ್ಮಾನಿಸುತ್ತಿರಲಿಲ್ಲ. ಊರೇ ಒಪ್ಪಿ ನಡೆಸುತ್ತಿತ್ತು. ಆ ಒಪ್ಪಂದ ಸಡಿಲಗೊಂಡದ್ದೇ ಇಂದಿನ ದಣಿವಿಗೆ ಒಂದು ಮುಖ್ಯ ಕಾರಣವೆಂಬುದು ಈ ಲೇಖನದ ವಾದ.

ಬಯಲುಸೀಮೆಯ ಅನೇಕ ಒಕ್ಕಲು ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆಗಳಲ್ಲಿ ಎತ್ತಿಗೇ ಪೂಜೆ. ಎತ್ತು ನಿಂತರೆ ಗಳೆ ನಿಲ್ಲುತ್ತದೆ, ಗಳೆ ನಿಂತರೆ ಹೊಡೆಯುವವನಿಗೂ ಬಿಡುವು. ಕೈಗಾರಿಕೆಯಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ವಿಧಿಸಿದ್ದು 1919ರಲ್ಲಿ. ಹೊಲದ ದುಡಿಮೆ ಅದರ ವ್ಯಾಪ್ತಿಯಲ್ಲಿರಲಿಲ್ಲ. ಒಕ್ಕಲಿಗನ ಪಾಲಿಗೆ ವಾರದ ಕಟ್ಟಳೆಯೇ ಕಾನೂನು.

ವೀರಶೈವ ಪಂಚಪೀಠಗಳಲ್ಲಿ ಒಂದಾದ ಉಜ್ಜಿನಿಯ ಮರುಳಸಿದ್ಧೇಶ್ವರ ಜಾತ್ರೆ ನಡೆಯುವುದು ಬೇಸಿಗೆಯಲ್ಲಿ, ಮುಂಗಾರು ಬಿತ್ತನೆಗೆ ಮುನ್ನ. ರಥೋತ್ಸವದ ಬಳಿಕ ಭಕ್ತರು ತಂದ ಎಣ್ಣೆಯನ್ನು ದೇವಾಲಯದ ಕಲ್ಲಿನ ಶಿಖರಕ್ಕೆ ಎರೆಯುತ್ತಾರೆ. ಈ ಶಿಖರ ತೈಲಾಭಿಷೇಕವನ್ನು ಭಕ್ತಿಯ ಆಚರಣೆಯಾಗಿ ಕಾಣುವುದು ಸರಿಯೇ. ಜೊತೆಗೆ ಅದು ಹಂಗಾಮಿನ ಹೊಸ್ತಿಲಲ್ಲಿ ಇಡೀ ಸೀಮೆ ಕೂಡಿ ಪಡೆಯುವ ಬಿಡುವು ಕೂಡ ಹೌದು.

ಈ ಆಚರಣೆಗಳ ಹಿಂದಿನ ತತ್ವವನ್ನು 12ನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನ ವೃತ್ತಾಂತ ಸ್ಪಷ್ಟಪಡಿಸುತ್ತದೆ. ಗಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳದೆ ಮರಳಿ ಸುರಿದು ಬರಲು ಹೇಳಿದಳು. ಕಾಯಕವನ್ನು ಎತ್ತಿಹಿಡಿದ ಪರಂಪರೆಯೇ ಕಾಯಕಕ್ಕೆ ಎಲ್ಲೆಯನ್ನೂ ಹಾಕಿತು. ‘ಇಷ್ಟು ಸಾಕು’ ಎನ್ನುವುದು ಸೋಮಾರಿತನವಲ್ಲ, ದಾಸೋಹಕ್ಕೆ ದಾರಿ.

ಆದರೆ ಹಳೆಯ ವ್ಯವಸ್ಥೆ ಎಲ್ಲರಿಗೂ ಸಮನಾಗಿರಲಿಲ್ಲ. ಎತ್ತಿಗೆ ದೊರೆತ ಸೋಮವಾರ ಅಡುಗೆಮನೆಗೆ ದೊರೆಯಲಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಿದ್ದರು. ಮಿತಿಯ ಪಾಠ ಹೇಳಿದವಳು ಲಕ್ಕಮ್ಮ. ಅದರ ಫಲ ಅವಳ ಮಕ್ಕಳು ಮೊಮ್ಮಕ್ಕಳಾದ ಹೆಂಗಸರಿಗೇ ತಲುಪಿಲ್ಲ.

ಈಗ ಗಂಡಸರ ಬಿಡುವೂ ಕರಗುತ್ತಿದೆ. ಗಂಟೆಯ ಬಾಡಿಗೆಗೆ ಬರುವ ಟ್ರ್ಯಾಕ್ಟರಿಗೆ ಸೋಮವಾರವಿಲ್ಲ. ತ್ರೀಫೇಸ್ ಕರೆಂಟು ನಡುರಾತ್ರಿ ಬಂದರೆ ನಡುರಾತ್ರಿಯೇ ಎದ್ದು ಹೊಲಕ್ಕೆ ನೀರು ಕಟ್ಟಬೇಕು. ಮಳೆ ಕೈಕೊಟ್ಟ ವರ್ಷ ಗುಳೆ ಹೋದವರಿಗೆ ಊರಿನ ವಾರವೂ ಇಲ್ಲ, ಹುಣ್ಣಿಮೆಯೂ ಇಲ್ಲ. ಇವರಿಗೆ ಸಮಯಪಾಲನೆಯ ಉಪದೇಶ ಮಾಡಿ ಪ್ರಯೋಜನವಿಲ್ಲ.

ಹಾಗಾಗಿ ಪರಿಹಾರವೂ ಸಾಮುದಾಯಿಕವಾಗಿರಬೇಕು. ಪಂಪ್‌ಸೆಟ್ಟಿಗೆ ಹಗಲು ವಿದ್ಯುತ್, ಊರಲ್ಲೇ ಕೂಲಿ, ವಾರದ ಬಿಡುವು: ಇವು ಗ್ರಾಮಸಭೆಯಲ್ಲಿ ಚರ್ಚೆಯಾಗಬೇಕಾದ ವಿಷಯಗಳು. ಆ ಚರ್ಚೆಯಲ್ಲಿ ಒಲೆಯ ಮುಂದಿನ ದುಡಿಮೆಯನ್ನೂ ದುಡಿಮೆಯೆಂದೇ ಲೆಕ್ಕಕ್ಕೆ ಹಿಡಿಯಬೇಕು. ಹಿಂದೆ ಎತ್ತಿನ ದಣಿವನ್ನು ಅರಿತು ಕಟ್ಟಳೆ ಮಾಡಿದ ಊರುಗಳಿಗೆ ಮನುಷ್ಯರ ದಣಿವನ್ನು ಅರಿಯುವುದು ಅಸಾಧ್ಯವೇನಲ್ಲ.