ಒಂದೇ ನದಿಯ ಎರಡು ಊರು

ನಮ್ಮ ಕೆಲಸದಲ್ಲಿ ಎ/ಬಿ ಟೆಸ್ಟ್ ಅಂತ ಒಂದಿದೆ. ಅರ್ಧ ಜನಕ್ಕೆ ಹಳೇ ಪೇಜು, ಇನ್ನರ್ಧಕ್ಕೆ ಹೊಸದು, ಮಿಕ್ಕಿದ್ದೆಲ್ಲ ಒಂದೇ. ಯಾವುದು ಗೆಲ್ಲತ್ತೆ ಅಂತ ನೋಡೋದು. 1892ರಲ್ಲಿ ಜರ್ಮನಿಯಲ್ಲಿ ಇಂಥದೊಂದು ಟೆಸ್ಟ್ ತಾನಾಗೇ ನಡೆದುಹೋಯ್ತು. ಸೋತ ಕಡೆ ಸತ್ತವರು 8,600 ಜನ.

ಎಲ್ಬೆ ನದಿಯ ದಂಡೆಯಲ್ಲಿ ಹ್ಯಾಂಬರ್ಗ್. ದೊಡ್ಡ ಬಂದರು, ದುಡ್ಡಿದ್ದ ಊರು. ಪಕ್ಕಕ್ಕೇ ಅಂಟಿಕೊಂಡಂತೆ ಆಲ್ಟೋನಾ. ಈಗ ಹ್ಯಾಂಬರ್ಗಿನದೇ ಒಂದು ಭಾಗ, ಆಗ ಪ್ರಷ್ಯಾಕ್ಕೆ ಸೇರಿದ ಬೇರೆ ಊರು. ಕೆಲವು ಕಡೆ ಗಡಿ ಅಂದ್ರೆ ಬರೀ ಒಂದು ರಸ್ತೆ. ಎರಡೂ ಊರಿಗೆ ಎಲ್ಬೆ ನೀರೇ ಗತಿ. ಹ್ಯಾಂಬರ್ಗ್ ಊರಿಗಿಂತ ಮೇಲ್ಗಡೆ ನೀರೆತ್ತಿ, ಕೆಸರು ತಳ ಕೂರೋಕೆ ಬಿಟ್ಟು, ಹಾಗೇ ನಲ್ಲಿಗೆ ಹರಿಸ್ತಿತ್ತು. ಆಲ್ಟೋನಾ ಎತ್ತುತ್ತಿದ್ದದ್ದು ಹ್ಯಾಂಬರ್ಗಿನ ಕೊಳಚೆಯೆಲ್ಲ ಸೇರಿದ ಮೇಲೆ, ಕೆಳಗಡೆ. ಆದ್ರೆ ಅದನ್ನ ಮರಳಿನ ಹಾಸಿನಲ್ಲಿ ನಿಧಾನಕ್ಕೆ ಸೋಸಿ ಕೊಡ್ತಿತ್ತು.

ಆಗಸ್ಟ್‌ನಲ್ಲಿ ಕಾಲರಾ ಬಂತು. ಹ್ಯಾಂಬರ್ಗಿನಲ್ಲಿ ಸುಮಾರು 17,000 ಜನ ಹಾಸಿಗೆ ಹಿಡಿದರು. ಆಲ್ಟೋನಾದಲ್ಲಿ ಸತ್ತವರು 300ರ ಆಸುಪಾಸು. ಅದು ಚಿಕ್ಕ ಊರು, ನಿಜ. ಆದರೂ ಈ ಅಂತರಕ್ಕೆ ಅದೊಂದೇ ಕಾರಣ ಸಾಲದು. ಗಡಿಯ ರಸ್ತೆಯ ಒಂದು ಬದಿ ರೋಗ, ಇನ್ನೊಂದು ಬದಿ ಇಲ್ಲ. ಹ್ಯಾಂಬರ್ಗಿನ ಗಡಿಯೊಳಗೇ ಇದ್ದು ಆಲ್ಟೋನಾ ನೀರು ಕುಡೀತಿದ್ದ ಒಂದು ವಠಾರವೂ ಪಾರಾಯ್ತು. ಗಾಳಿ ಅದೇ, ಮಣ್ಣು ಅದೇ. ಬೇರೆ ಇದ್ದದ್ದು ಪೈಪು ಮಾತ್ರ.

ತನಿಖೆಗೆ ಬಂದ ರಾಬರ್ಟ್ ಕಾಕ್, 1884ರಲ್ಲೇ ಕೋಲ್ಕತ್ತಾದ ಕೆರೆನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾ ಕಂಡಿದ್ದವನು. ಮ್ಯೂನಿಕ್ಕಿನ ಪೆಟ್ಟೆನ್‌ಕೋಫರ್ ಮಾತ್ರ ಒಪ್ಪಲಿಲ್ಲ. ಬ್ಯಾಕ್ಟೀರಿಯಾ ಒಂದರಿಂದಲೇ ಏನೂ ಆಗಲ್ಲ, ಮಣ್ಣೂ ಕಾರಣ ಅನ್ನೋದು ಅವನ ವಾದ. ಅಕ್ಟೋಬರಿನಲ್ಲಿ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನೇ ಕುಡಿದುಬಿಟ್ಟ! ಸ್ವಲ್ಪ ಭೇದಿ ಆಯ್ತು, ಬದುಕಿದ. ‘ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗೇ ಓಡ್ತಿದೆ’ ಅನ್ನೋರು ಆಗಲೂ ಇದ್ದರು.

ಹ್ಯಾಂಬರ್ಗಿಗೆ ಮರಳಿನ ಸೋಸುವಿಕೆ ಗೊತ್ತಿರಲಿಲ್ಲ ಅಂತಲ್ಲ. ವರ್ಷಗಟ್ಟಲೆ ಚರ್ಚೆ ಮಾಡಿತ್ತು. ಖರ್ಚು ಯಾರು ಕೊಡಬೇಕು ಅನ್ನೋದೇ ಜಗಳ. ಊರಿನ ಸಭೆಯಲ್ಲಿ ಮನೆ ಮಾಲೀಕರ ಕೈ ಮೇಲಿತ್ತು. ಕೊನೆಗೂ ಕಟ್ಟೋಕೆ ಶುರು ಮಾಡಿದ್ದರು, ಮುಗಿಯೋದರೊಳಗೆ ಕಾಲರಾ ಬಂತು. ಫಿಲ್ಟರ್ ಚಾಲೂ ಆಗಿದ್ದು 1893ರ ಮೇನಲ್ಲಿ.

ನಮ್ಮಜ್ಜಿ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸ್ತಿದ್ರು. ನೀರೇನೋ ತಿಳಿಯಾಗೇ ಇರ್ತಿತ್ತು. ಆದ್ರೆ ಒಂಟಿ ಬ್ಯಾಕ್ಟೀರಿಯಾಗೆ ಬಟ್ಟೆಯ ತೂತು ಊರಬಾಗಿಲಿದ್ದಂಗೆ. ಮರಳಿನ ಹಾಸಿನಲ್ಲೂ ಮುಖ್ಯ ಕೆಲಸ ಮಾಡೋದು ಬರೀ ಮರಳಲ್ಲ, ಅದರ ಮೇಲೆ ಕಟ್ಟಿಕೊಳ್ಳೋ ಲೋಳೆಯ ಪದರ. ಅದರಲ್ಲಿರೋ ಸೂಕ್ಷ್ಮಜೀವಿಗಳು ಬಂದ ರೋಗಾಣುಗಳನ್ನ ಹಿಡಿದು ತಿಂತವೆ.

ಕತೆ ಅಲ್ಲಿಗೇ ಮುಗಿಯಲಿಲ್ಲ. ಆ ಚಳಿಗಾಲದಲ್ಲಿ ಗೆದ್ದಿದ್ದ ಆಲ್ಟೋನಾದಲ್ಲೂ ಕಾಲರಾ ಕಾಣಿಸಿಕೊಂಡಿತು. ಹಿಮಗಟ್ಟೋ ಚಳಿಗೆ ಮರಳಿನ ಹಾಸು ಕೆಟ್ಟು, ಸೋಸದ ನೀರು ನುಸುಳಿತ್ತು. ಆಮೇಲೆ ಕಾಕ್ ನಿಯಮ ಹೇಳಿದ: ಒಂದೊಂದು ಹಾಸಿನ ನೀರನ್ನೂ ದಿನಾ ಪರೀಕ್ಷಿಸಬೇಕು, ಒಂದು ಮಿಲಿಲೀಟರಿನಲ್ಲಿ ಬ್ಯಾಕ್ಟೀರಿಯಾ 100 ದಾಟಬಾರದು.

ನಮ್ಮನೆ ಪ್ಯೂರಿಫೈಯರಿನ ಕೆಂಪು ದೀಪ ಹತ್ತಿ ಎರಡು ತಿಂಗಳಾಗಿತ್ತು. ಇದನ್ನ ಬರೀತಾ ಮಧ್ಯೆ ಎದ್ದು ಸರ್ವೀಸಿನವರಿಗೆ ಫೋನ್ ಮಾಡಿದೆ. ಶನಿವಾರ ಬರ್ತಾರಂತೆ.